ಕಾಲಿಗೊಂದು ಕುಲಾವಿ

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಕಂಬಕ್ಕೆ ಬೆನ್ನು ಕೊಟ್ಟು ಕುಳಿತ ನಮ್ಮ ಅತ್ತೆ ಹುರಿದ ಶೇಂಗಾವನ್ನು ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುತ್ತಿದ್ದರು. ಹಬ್ಬಕ್ಕೆಂದು ಯಲಬುರ್ಗಿಯಿಂದ ತವರಿಗೆ ಬಂದಿದ್ದ ಮಗಳು ಸುಮಾ, ಬಸಿರಿನ ಸುದ್ದಿಯನ್ನು ಬಂದ ಗಳಿಗೆಯಲ್ಲೇ ಎಲ್ಲರಿಗೂ ಹಂಚಿ ಹಗುರಾಗಿ, ಈಗ ಪಾಕದ ಹದ ನೋಡುವ ನೆಪದಲ್ಲಿ ಬೆಲ್ಲ ತಿನ್ನುತ್ತಿದ್ದಳು. ನಮ್ಮ ಮನೆಯವರು ಕುರ್ಚಿಯಲ್ಲಿ ಕುಳಿತು, ಪತ್ರಿಕೆಯ ಮೇಲಂಚಿನಿಂದ ಉಂಡಿಯ ತಾಟಿನ ಮೇಲೆ ನಿಗಾ ಇಟ್ಟಿದ್ದರು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಉಂಡಿ ಕಟ್ಟುತ್ತಿದ್ದೆ. ಕಟ್ಟಿ ಮುಗಿಯಿತು. ಕೈ ತೊಳೆಯೋಣವೆಂದು ಏಳಲು ಹೋದೆ. ಏಳಲಿಲ್ಲ.

ಏಳಲಿಲ್ಲ ಎಂದರೆ, ಮನಸ್ಸು ಆಗಲೇ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ನಿಂತುಕೊಂಡು, ಈ ಮಂಡಿಗಳು ಯಾಕಿನ್ನೂ ಬರಲಿಲ್ಲವೆಂದು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಮಂಡಿಗಳು ಮಾತ್ರ, ಮದುವೆ ಮನೆಯಲ್ಲಿ ಊಟ ಮುಗಿದರೂ ಪಂಕ್ತಿ ಬಿಟ್ಟೇಳದ ಹಿರಿಯರ ಹಾಗೆ, ನೆಲ ಹಿಡಿದು ಕೂತುಬಿಟ್ಟಿದ್ದವು. ಮನೆಯವರು ಪತ್ರಿಕೆ ಬಿಟ್ಟು ಬಂದು ಒಂದು ರಟ್ಟೆ ಹಿಡಿದರು. ಸುಮಾ ಇನ್ನೊಂದನ್ನು ಹಿಡಿಯಲು ಬಂದಾಗ ಬಸುರಿ ಹೆಂಗಸು ಭಾರ ಎಳೆಯಬಾರದೆಂದು ಅತ್ತೆ ಅವಳನ್ನು ಹಿಂದೆ ಸರಿಸಿ, ತಾವು ಕಂಬವನ್ನಾಗಲಿ ಗೋಡೆಯನ್ನಾಗಲಿ ಮುಟ್ಟದೆ ಲಟಕ್ಕನೆ ಎದ್ದು ನನ್ನನ್ನು ಎಬ್ಬಿಸಲು ಬಂದರು. ಏಳಲಾಗದ್ದಕ್ಕಿಂತ, ಅತ್ತೆ ಅಷ್ಟು ಸಲೀಸಾಗಿ ಎದ್ದದ್ದಕ್ಕೇ ನನಗೆ ಹೆಚ್ಚು ನೋವಾಯಿತು ಎಂದರೆ ಸೊಸೆಯಂದಿರು ನನ್ನನ್ನು ಕ್ಷಮಿಸುತ್ತಾರೆ. ಎಲ್ಲರೂ ನಕ್ಕೆವು. ನಗುತ್ತ ನಗುತ್ತಲೇ ಸುಮಾಳ ಮುಖ ಸಣ್ಣದಾಯಿತು.

"ಅವ್ವಾ, ಮತ್ತ ಕೂಸಿಗೆ ಎರಿಯಾಕಿ ಯಾರು?"

ಎಲ್ಲರೂ ನನ್ನ ಮಂಡಿಗಳನ್ನು ನೋಡಿದರು.

ನಿಮ್ಮ ಕಡೆ ಹೇಗೋ ಕಾಣೆ, ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು, ಕೂಸಿಗೆ ಎರೆಯುವ ಕೆಲಸ ತಾಯಿಯ ತಾಯಿಯದು. ಎರೆಯುವುದೆಂದರೆ ಟಬ್ಬಿನಲ್ಲಿ ಅದ್ದಿ ತೆಗೆಯುವುದಲ್ಲ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಜೋಡಿಸಬೇಕು; ಆ ಎರಡು ಕಾಲುಗಳ ನಡುವಿನ ತಗ್ಗೇ ಕೂಸಿನ ಹಾಸಿಗೆ, ಒಂದಕ್ಕೊಂದು ಆನಿಸಿದ ಪಾದಗಳೇ ತಲೆದಿಂಬು. ಎಣ್ಣೆ ತೀಡಿದ ಕೂಸು ಮೀನಿನಂತೆ ನುಣುಚುತ್ತದೆ; ಕೆಳಗಿನ ಕಾಲು ಕಲ್ಲಿನಂತೆ ನಿಂತಿರಬೇಕು, ಮೇಲಿನ ಕೈ ಬೆಣ್ಣೆಯಂತೆ ಓಡಾಡುತ್ತಿರಬೇಕು. ಸುಮಾಳಿಗೆ ತಾವರಗೇರಾದ ನನ್ನ ತವರುಮನೆಯಲ್ಲಿ ನನ್ನವ್ವ ಎರೆದಿದ್ದಳು, ನನಗೆ ನನ್ನವ್ವನ ಅವ್ವ. ಆ ಸಾಲಿನಲ್ಲಿ ಮುಂದಿನ ಜೋಡಿ ಕಾಲು ನನ್ನದು. ಕರೆದರೆ ಎರೆದು ಹೋಗುವ ಹೆಂಗಸರು ಊರಲ್ಲಿ ಇದ್ದಾರೆ, ನನಗಿಂತ ಚೆನ್ನಾಗಿಯೇ ಎರೆದಾರು. ಆದರೆ ನನ್ನ ಮೊಮ್ಮಗು ಈ ಲೋಕದಲ್ಲಿ ಮೊದಲು ಮಲಗಿ ಕಾಲು ಬಡಿಯುವ ಜಾಗ ನನ್ನ ಮೀನಖಂಡವೇ ಆಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂಬುದು, ಅದು ಕೈ ತಪ್ಪುವ ಹಾಗೆ ಕಂಡಾಗಲೇ ನನಗೂ ಗೊತ್ತಾದದ್ದು.

ಹಬ್ಬ ಮುಗಿಸಿ ಕೊಪ್ಪಳದ ಎಲುಬಿನ ಡಾಕ್ಟರರ ಹತ್ತಿರ ಹೋದೆವು. ಅವರು ಮಂಡಿಯನ್ನು ಒತ್ತಿ, ಮಡಿಸಿ, ಬೆಳಕಿಗೆ ಹಿಡಿದ ಚಿತ್ರವನ್ನು ಬಹಳ ಹೊತ್ತು ನೋಡಿ, ಎಲುಬು ಸವೆದದ್ದು ಸ್ವಲ್ಪವೇ, ಅದನ್ನು ಎತ್ತಿ ಹಿಡಿಯುವ ತೊಡೆಯ ಸ್ನಾಯುಗಳು ಮಾತ್ರ ಪೂರ್ತಿ ಮಲಗಿಬಿಟ್ಟಿವೆ ಎಂದರು. ಅವುಗಳನ್ನು ಎಬ್ಬಿಸುವ ವಿದ್ಯೆ ಕಲಿಸಲು ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳು. ಕುರ್ಚಿಯಿಂದ ಏಳುವುದು, ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಮುಂದೆ ಬಲ ಬಂದಾಗ ಕೈಯಲ್ಲಿ ತೂಕ ಹಿಡಿದು ಇವನ್ನೇ ಮಾಡುವುದು. ಇಷ್ಟೆಲ್ಲ ಕಲಿಸಿ ಆ ಹುಡುಗಿ ಕೊನೆಗೆ ನನ್ನ ಬರಿಗಾಲನ್ನು ನೋಡಿದಳು. ನನ್ನ ಅಂಗಾಲು ನೆಲಕ್ಕೆ ಪೂರಾ ಅಂಟಿಕೊಳ್ಳುವ ಜಾತಿಯದು. ಒದ್ದೆ ಕಾಲಿನಲ್ಲಿ ನಡೆದರೆ ಪಾದದ ಗುರುತು ಮೂಡುವುದಿಲ್ಲ, ರೊಟ್ಟಿಯ ಗುರುತು ಮೂಡುತ್ತದೆ. ನುಣುಪು ಟೈಲ್ಸಿನ ಮೇಲೆ ಬರಿಗಾಲಲ್ಲಿ ಇದನ್ನೆಲ್ಲ ಮಾಡಬೇಡಿರಿ, ಮನೆಯೊಳಗೆ ಹಾಕಿಕೊಳ್ಳಲು ಒಂದು ಒಳ್ಳೆಯ ಬೂಟು ತಗೊಳ್ಳಿರಿ ಎಂದಳು.

ಬೂಟು. ಮನೆಯೊಳಗೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಈ ಎರಡು ಮಾತು ಜಗಳವಾಡುತ್ತ ಬಂದವು.

ನನ್ನ ಕಾಲು ಹುಟ್ಟಿದಾಗಿನಿಂದ ಬೂಟು ಕಂಡದ್ದಲ್ಲ. ಶಾಲೆಗೆ ಹೋಗುವಾಗ ಬರಿಗಾಲು, ದೊಡ್ಡವಳಾದ ಮೇಲೆ ಹವಾಯಿ ಚಪ್ಪಲಿ, ಮದುವೆಯಾದ ಮೇಲೆ ಹಿಮ್ಮಡಿ ಸ್ವಲ್ಪ ಎತ್ತರದ್ದು, ಮಗಳ ಮದುವೆಯಾದ ಮೇಲೆ ಮತ್ತೆ ಚಪ್ಪಟೆಯದು. ಅವೂ ಹೊಸ್ತಿಲಾಚೆಯ ಸಂಸಾರ. ನಮ್ಮ ಹಿರಿಯರು ಪಾದರಕ್ಷೆಗೆ ಎಷ್ಟು ಮುದ್ದಿನ ಹೆಸರು ಇಟ್ಟಿದ್ದಾರೆ ನೋಡಿರಿ: ಕಾಲಿನ ಮರಿಯೆಂಬಂತೆ ಕಾಲ್ಮರಿ ಎಂದರು, ಎಂದೂ ಒಂಟಿಯಾಗಿರದ ದಂಪತಿಯೆಂಬಂತೆ ಜೋಡು ಎಂದರು. ಹೆಸರು ಇಷ್ಟು ಮುದ್ದಿನದಾದರೂ ಜಾಗ ಮಾತ್ರ ಬಾಗಿಲ ಹೊರಗೆ. ಬಿಸಿಲು, ಮುಳ್ಳು, ಕೆಸರು ಎಲ್ಲವನ್ನೂ ನಮಗಾಗಿ ತಿಂದು ಬಂದ ಆ ಜೋಡಿಯನ್ನು ಹೊರಗೇ ನಿಲ್ಲಿಸಿ ನಾವು ಒಳಗೆ ಹೋಗಿ ಕಾಲು ತೊಳೆದುಕೊಳ್ಳುತ್ತೇವೆ. ಇದರಲ್ಲಿ ಒಂದು ಅನ್ಯಾಯವಿದೆ ಎಂದು ನನಗೆ ಆಗಾಗ ಅನಿಸಿದ್ದುಂಟು. ಸರಿಪಡಿಸುವ ಉಮೇದು ಮಾತ್ರ ಎಂದೂ ಬಂದಿರಲಿಲ್ಲ.

ತಾಲೀಮಿಗೆ ಜಾಗವೇನೋ ಸಿಕ್ಕಿತು. ನಮ್ಮ ಮನೆಯವರದು ಭತ್ತದ ದಲಾಲಿ ಅಂಗಡಿ. ಮಾದರಿಯ ಚೀಲಗಳನ್ನು ಇಡುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದರು. ವಿದ್ಯುತ್ ತಕ್ಕಡಿ ಬಂದ ಮೇಲೆ ಕೆಲಸವಿಲ್ಲದೆ ಮೂಲೆಯಲ್ಲಿ ಕೂತಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನು ತೊಳೆದು, ಎಣ್ಣೆ ಒರೆಸಿ, ಗೋಡೆಯ ಉದ್ದಕ್ಕೆ ದೊಡ್ಡದು ಚಿಕ್ಕದು ಎಂದು ಜೋಡಿಸಿದರು. ಒಂದು ಕಾಲಕ್ಕೆ ನಮ್ಮ ಪಕ್ಕದ ಸಿದ್ದಾಪುರದ ಭತ್ತವನ್ನೆಲ್ಲ ತೂಗಿದ ಕಲ್ಲುಗಳು ಈಗ ನನ್ನನ್ನು ತೂಗಲು ನಿಂತವು. ಒಂದು ಗಟ್ಟಿ ಕುರ್ಚಿ, ಒಂದು ಸ್ಟೂಲು, ಒಂದು ಚಾಪೆ ಸೇರಿ ನಮ್ಮ ಮನೆಯ ಜಿಮ್ಮು ಸಿದ್ಧವಾಯಿತು. ತಕರಾರು ಬಂದದ್ದು ಗೋಡೆಯಿಂದ. ಆ ಕೋಣೆಯ ಗೋಡೆಯ ಆಚೆ ಬದಿಗೆ ದೇವರ ಜಗಲಿ.

ಅತ್ತೆ ಬೈಯಲಿಲ್ಲ. ನಮ್ಮ ಅತ್ತೆ ಬೈಯುವವರಾಗಿದ್ದರೆ ನಾನು ಎಂದೋ ಗೆದ್ದಿರುತ್ತಿದ್ದೆ. ಅವರು ಸುಮ್ಮನಾಗುವವರು. ಆ ದಿನ ಉಣ್ಣುವಾಗ ಸುಮ್ಮನಿದ್ದರು, ಮರುದಿನ ಪೂಜೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಸುಮ್ಮನೆ ಕೂತರು. ಬೂಟು ಬೇಡ, ಬರಿಗಾಲಲ್ಲೇ ಮಾಡುತ್ತೇನೆಂದು ನಾನೇ ಸೋತು ಹೇಳಬೇಕೆನ್ನುವಷ್ಟರಲ್ಲಿ ಎದ್ದು ಬಂದರು. ಅವರೊಳಗೆ ವಾದಿ, ಪ್ರತಿವಾದಿ ಇಬ್ಬರೂ ಮಾತು ಮುಗಿಸಿ, ನ್ಯಾಯಾಧೀಶರು ತೀರ್ಪು ಓದುವ ಹೊತ್ತಾಗಿತ್ತು.

"ಬೀದಿ ಮಣ್ಣ ಮುಟ್ಟಿದ್ರ ಅದು ಕಾಲ್ಮರಿ," ಎಂದರು. "ಮುಟ್ಟಲಿಲ್ಲಂದ್ರ ಅದೂ ಮೈಗೆ ಹಾಕೂ ಅರಿವೀನ. ಕೂಸಿನ ತಲಿಗೆ ಕುಲಾವಿ ಹಾಕೂದಿಲ್ಲ? ಇದು ಕಾಲಿಗೆ ಕುಲಾವಿ. ಹೊಸದು ತಗೊಂಡು ಬಾ, ಹೊಸ್ತಿಲಾ ದಾಟಿಸಿ ಹೊರಗ ಒಯ್ಯಬ್ಯಾಡ."

ಕುಲಾವಿ ಎಂದರೆ ಎಳೆಗೂಸಿನ ಟೊಪ್ಪಿಗೆ. ಕಿವಿ ಮುಚ್ಚಿ ಗದ್ದದ ಕೆಳಗೆ ಲಾಡಿ ಕಟ್ಟುವಂಥದು. ಲಾಡಿಯೇನೋ ಬೂಟಿಗೂ ಇದೆ. ಒಂದು ವಸ್ತುವಿನ ಹೆಸರು ಬದಲಿಸಿ ಅದರ ಜಾತಿಯನ್ನೇ ಬದಲಿಸಿದ ಆ ಜಾಣ್ಮೆಗೆ ನಾನು ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಶಾಸ್ತ್ರವನ್ನು ಮುರಿಯದೆ, ಸೊಸೆಯನ್ನೂ ಮುರಿಯದೆ, ನಡುವೆ ಒಂದು ಮಾತಿನ ಸೇತುವೆ ಹಾಕುವ ಹಿರಿಯರ ನಡುವೆ ನಾನು ಕನ್ನಡ ಕಲಿತವಳು. ನನ್ನ ಭಾಷೆಯಲ್ಲಿ ಏನಾದರೂ ರುಚಿಯಿದ್ದರೆ ಅದು ಅಂಥವರ ಎಲೆಯಲ್ಲಿ ಉಳಿದದ್ದು.

ಮೊದಲ ಜೋಡಿಯನ್ನು ಸುಮಾ ಫೋನಿನಲ್ಲೇ ಆರಿಸಿ ತರಿಸಿದಳು. ಗುಲಾಬಿ ಬಣ್ಣ, ಮೋಡದಂಥ ಅಡಿ. ಪೆಟ್ಟಿಗೆ ಬಿಚ್ಚಿದಾಗ ಅತ್ತೆ ಹೆಬ್ಬೆರಳಿನಿಂದ ಅದರ ಹಿಮ್ಮಡಿಯನ್ನು, ರೊಟ್ಟಿಯ ಹಿಟ್ಟಿನ ಹದ ನೋಡುವ ಹಾಗೆ ಒತ್ತಿ, ಭಾಳ ಮೆತ್ತಗೈತಿ ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಮೆತ್ತಗೆ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆಯೆಂಬುದು ನೆನಪಾದದ್ದು ಹಾಕಿಕೊಂಡು ನಿಂತಾಗ. ಮೈಗೆ ಸುಖವಿಲ್ಲದೆ ಬಿದ್ದುಕೊಂಡವರನ್ನು ನಾವು, ಅವರಿಗೆ ಮೆತ್ತಗಾಗಿದೆ, ಎನ್ನುತ್ತೇವಲ್ಲ, ಆ ಬೂಟಿನದೂ ಅದೇ ಸ್ಥಿತಿ. ನಾಟಿಯ ಗದ್ದೆಯಲ್ಲಿ ಕಾಲಿಟ್ಟಂತೆ ಒಳಗೆ ಹೂತುಕೊಂಡೆ. ಕಬ್ಬಿಣದ ಕಲ್ಲೊಂದನ್ನು ಎದೆಗಪ್ಪಿ ಕುರ್ಚಿಯಿಂದ ಏಳುವಾಗ ಬಲಗಾಲು ಕೊಪ್ಪಳದ ಕಡೆ ವಾಲಿತು, ಎಡಗಾಲು ಕುಷ್ಟಗಿಯ ಕಡೆ. ಅದರ ಮೇಲೆ ಮುಂಭಾಗ ಬೇರೆ ಇಕ್ಕಟ್ಟು. ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಒತ್ತಿ, ಸಂಜೆಯ ಹೊತ್ತಿಗೆ ಎರಡು ಬೆರಳೂ ಒಂದೇ ಮನೆಗೆ ಸೊಸೆಯಾಗಿ ಬಂದು ಮಾತು ಬಿಟ್ಟ ನೆಗೆಣ್ಣಿಯರ ಹಾಗೆ ಕೆಂಪಾಗಿ ಮುಖ ತಿರುಗಿಸಿ ಕೂತಿದ್ದವು. ಗುಲಾಬಿ ಮೋಡ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಆಮೇಲೆ ಅಂಗಡಿಗೇ ಹೋದೆವು. ಬೂಟು ಕೊಳ್ಳಲು ಮಧ್ಯಾಹ್ನದ ಮೇಲೆ ಹೋಗಬೇಕು, ಅಷ್ಟು ಹೊತ್ತಿಗೆ ದಿನದ ಓಡಾಟದಲ್ಲಿ ಕಾಲು ತನ್ನ ನಿಜವಾದ ಅಗಲಕ್ಕೆ ಬಂದಿರುತ್ತದೆ ಎಂದು ಕೊಪ್ಪಳದ ಹುಡುಗಿ ಹೇಳಿದ್ದಳು; ಹಾಗೆಯೇ ಹೋದೆವು. ಖಾದರಸಾಬರೆಂಬ ಅಂಗಡಿಯವರು ಬಲ್ಲವರು, ಭಾಳ ಮರ್ಯಾದೆಯ ಮನುಷ್ಯ. ಏನು ಬೇಕೆಂದು ಕೇಳಿದಾಗ ನಾನು ನನ್ನ ಭಾಷೆಯಲ್ಲಿ ನೇರವಾಗಿ, ಆರಾಮ ಆಗುವಂಥ ಬೂಟು ಬೇಕು ಎಂದೆ. ಅವರ ಮುಖ ಬಾಡಿತು. ಸ್ಟೂಲು ಎಳೆದು ನನ್ನನ್ನು ಮೆಲ್ಲಗೆ ಕೂರಿಸಿದರು, ಒಳಗಿನಿಂದ ನೀರು ತರಿಸಿದರು. ಎಷ್ಟು ದಿನದಿಂದ ಆರಾಮ ಇಲ್ಲವೆಂದು ವಿಚಾರಿಸುತ್ತ, ಸಕ್ಕರೆ ಕಾಯಿಲೆಯವರು ಹಾಕುವ ಕಪ್ಪು ಚಪ್ಪಲಿಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಮುಳ್ಳುಮುಳ್ಳಾದ ಅಡಿಯ ಇನ್ನೊಂದು ಜೋಡಿಯನ್ನು ಅದರ ಪಕ್ಕಕ್ಕಿಟ್ಟು, ಇದನ್ನು ಹಾಕಿಕೊಂಡ ತಮ್ಮ ಸೋದರತ್ತೆ ಹೇಗೆ ಎದ್ದು ಓಡಾಡುವಂತಾದರೆಂದು ಹೇಳತೊಡಗಿದರು. ನಮ್ಮ ಮನೆಯವರು ಪಕ್ಕದಲ್ಲೇ ನಿಂತು ಇದನ್ನೆಲ್ಲ ಸವಿದು, ಸಾಕೆನಿಸಿದ ಮೇಲೆ ಬಾಯಿ ಬಿಟ್ಟರು.

"ಆಕಿಗೆ ಬ್ಯಾನಿ ಇಲ್ರಿ ಸಾಬರ. ಆಕಿ ತಾಲೀಮು ಮಾಡತಾಳ."

ತಾಲೀಮೆಂದರೆ ಗರಡಿಮನೆಯ ಸಾಧನೆ, ಪೈಲ್ವಾನರ ಮಾತು. ಖಾದರಸಾಬರು ನನ್ನ ಬೆಳ್ಳಿಗೂದಲನ್ನು ನೋಡಿದರು, ಇಳಕಲ್ ಸೀರೆಯನ್ನು ನೋಡಿದರು, ಕೊನೆಗೆ ಕಾಲನ್ನು ನೋಡಿದರು. "ಹೌದೇನ್ರಿ ಅಕ್ಕಾರ?" ಎಂದು, ಪಾಪ, ನಗದೆ ಕೇಳಿದರು. ನಾನು ಕೂಸಿನ ಸಂಗತಿ ಹೇಳಿದೆ. ಅವರಿಗೂ ಮೊಮ್ಮಕ್ಕಳಿದ್ದರು, ಮುಂದೆ ಏನೂ ಕೇಳದೆ ಚಪ್ಪಲಿಗಳನ್ನು ಅಟ್ಟಕ್ಕೇರಿಸಿ ಬೂಟುಗಳನ್ನು ಇಳಿಸಿದರು.

ಇನ್ನೊಂದು ತೊಡಕಿತ್ತು. ಅಂಗಡಿಯ ನೆಲವೆಂದರೆ ಬೀದಿಯೇ; ಊರೆಲ್ಲ ಅದರ ಮೇಲೆ ಕಾಲಿಟ್ಟು ಹೋಗಿದೆ. ಅಲ್ಲಿ ಬೂಟು ಹಾಕಿ ನಡೆದರೆ ಅತ್ತೆಯ ತೀರ್ಪಿನ ಪ್ರಕಾರ ಕುಲಾವಿ ಅಲ್ಲೇ ಕಾಲ್ಮರಿಯಾಗಿ ಕೆಡುತ್ತದೆ. ನಡೆಯದೆ ಕೊಂಡರೆ ಮತ್ತೊಂದು ಗುಲಾಬಿ ಮೋಡವಾದೀತು. ಖಾದರಸಾಬರು ಪತ್ರಿಕೆ ಹಾಸಿದರು. ನಾನು ಒಂದು ಕಾಲು ಎತ್ತಿದವಳು ಹಾಗೇ ನಿಂತೆ: ಅಕ್ಷರ ತುಂಬಿದ ಕಾಗದ ಸರಸ್ವತಿಯಲ್ಲವೇ, ತುಳಿಯುವುದು ಹೇಗೆ? ಕೊನೆಗೆ ನಮ್ಮ ಮನೆಯವರು ಸ್ಕೂಟರಿನ ಡಬ್ಬಿಯಿಂದ ಭತ್ತ ತುಂಬುವ ಹೊಸ ಚೀಲಗಳನ್ನು ತಂದು, ಖಾಲಿ ಚೀಲದಲ್ಲಿ ಯಾವ ದೇವರೂ ವಾಸ ಮಾಡುವುದಿಲ್ಲವೆಂದು ತಮ್ಮ ಜವಾಬ್ದಾರಿಯ ಮೇಲೆ ಹೇಳಿ, ಸ್ಟೂಲಿನಿಂದ ಕನ್ನಡಿಯ ತನಕ ಹಾಸಿದರು. ಆ ಹಾದಿಯ ಮೇಲೆ ನಾನು ಹೋಗಿ ಬಂದೆ, ಹೋಗಿ ಬಂದೆ. ಚಪ್ಪಲಿ ಕೊಳ್ಳಲು ಬಂದ ಇಬ್ಬರು ಹೆಂಗಸರು ಇದು ಏನೋ ಹೊಸ ವ್ರತವಿರಬೇಕೆಂದು ಗೌರವದಿಂದ ಬದಿಗೆ ಸರಿದು ನಿಂತರು.

ಹೆಂಗಸರ ಜೋಡಿಗಳೆಲ್ಲ ಮುಂದೆ ಚೂಪು. ಬೂಟು ಮಾಡುವವರ ಊರಿನ ಹೆಂಗಸರು ಕಾಲುಂಗುರ ಇಡುವುದಿಲ್ಲವೆಂದು ತೋರುತ್ತದೆ. ದೊಡ್ಡ ಅಳತೆಯದನ್ನು ಹಾಕಿದರೆ ಬೆರಳಿಗೆ ಸುಖ, ಹಿಮ್ಮಡಿ ಮಾತ್ರ ಕಳಚಿಕೊಳ್ಳುತ್ತದೆ. ತಾಲೀಮಿನ ಹೊತ್ತಿಗೆ ಉಂಗುರ ತೆಗೆದಿಟ್ಟರಾಗದೇ ಎಂದು ಖಾದರಸಾಬರು ಕೇಳಬೇಕೆಂದವರು ನನ್ನ ಮುಖ ನೋಡಿ ಆ ಮಾತನ್ನು ನುಂಗಿಕೊಂಡು, ಎದುರು ಸಾಲಿನಿಂದ ಬೂದಿ ಬಣ್ಣದ ಒಂದು ಜೋಡಿ ತೆಗೆದರು. ಮುಂದೆ ಹರವಾದ ಬಾಯಿ, ಹಿಂದೆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಂಥ ಹಿಡಿತ, ಅಡಿ ಚಪ್ಪಟೆ. ಹೆಬ್ಬೆರಳಿನ ಮುಂದೆ ಇನ್ನೊಂದು ಹೆಬ್ಬೆರಳಿನಗಲ ಖಾಲಿ ಜಾಗ. ಮಡಿಸಿದರೆ ನಡುವೆ ಮಡಿಯದೆ ಬೆರಳು ಬಾಗುವಲ್ಲಿ ಮಾತ್ರ ಬಾಗುತ್ತಿತ್ತು. ಹಾಕಿಕೊಂಡು ಸ್ಟೂಲಿನ ಮೇಲೆ ಕೂತೆ, ಎದ್ದೆ. ಮತ್ತೆ ಕೂತೆ, ಎದ್ದೆ. ಕಾಲು ಕೊಪ್ಪಳಕ್ಕೂ ಹೋಗಲಿಲ್ಲ, ಕುಷ್ಟಗಿಗೂ ಹೋಗಲಿಲ್ಲ, ಗಂಗಾವತಿಯಲ್ಲೇ ನಿಂತಿತು. ಇದು ಗಂಡಸರದು ಎಂದು ಖಾದರಸಾಬರು ತುಸು ಸಂಕೋಚದಿಂದ ಹೇಳಿದರು.

"ಆಗಲಿ ಬಿಡ್ರಿ," ಎಂದರು ನಮ್ಮ ಮನೆಯವರು. "ನಮ್ಮನ್ಯಾಗ ಗಂಡಸು ಹೆಂಗೂ ಆಕಿನ."

ಮನೆಗೆ ಬರುವಾಗ ನಾನು ಆ ಆರಾಮವೆಂಬ ಮಾತನ್ನೇ ಬಾಯೊಳಗೆ ಹೊರಳಿಸುತ್ತಿದ್ದೆ. ಎಂದೋ ನಿಜಾಮರ ಕಾಲದಲ್ಲಿ ಬೇರೆ ಭಾಷೆಯಿಂದ ಬಂದು, ನಮ್ಮ ಮನೆಗಳಲ್ಲಿ ಉಳಿದು, ನಮ್ಮವರೇ ಆಗಿಹೋದ ಮಾತುಗಳಲ್ಲಿ ಇದು ದೊಡ್ಡದು. ಎದುರಿಗೆ ಸಿಕ್ಕವರನ್ನು ಆರಾಮ ಇದ್ದೀರಾ ಎನ್ನುತ್ತೇವೆ, ಜ್ವರ ಬಂದರೆ ಆರಾಮ ಇಲ್ಲ ಎನ್ನುತ್ತೇವೆ, ಉಂಡು ಅಡ್ಡಾದರೆ ಆರಾಮ ಮಾಡುತ್ತಿದ್ದಾರೆ ಎನ್ನುತ್ತೇವೆ. ಆರೋಗ್ಯ, ಹಿತ, ವಿಶ್ರಾಂತಿ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೇವೆ. ಖಾದರಸಾಬರ ತಪ್ಪಿಲ್ಲ, ನಾನು ಒಂದನ್ನು ಕೇಳಿದೆ, ಅವರು ಅದೇ ಚೀಲದಿಂದ ಇನ್ನೊಂದನ್ನು ತೆಗೆದುಕೊಟ್ಟರು. ಆದರೆ ಗೆಳೆಯರೇ, ಇಷ್ಟು ವರ್ಷ ನಾನೂ ಆ ಚೀಲಕ್ಕೆ ಕೈ ಹಾಕಿದಾಗಲೆಲ್ಲ ವಿಶ್ರಾಂತಿಯನ್ನೇ ತೆಗೆದುಕೊಂಡಿದ್ದೆ. ಮೆತ್ತಗಿನ ಹಾಸಿಗೆ, ಮೆತ್ತಗಿನ ಕುರ್ಚಿ; ನೆಲಕ್ಕೆ ಬಾಗುವ ಕೆಲಸಗಳನ್ನೆಲ್ಲ ಒಂದೊಂದಾಗಿ ಅಡಿಗೆಮನೆಯ ಕಟ್ಟೆಯ ಮೇಲಕ್ಕೆ ಏರಿಸಿಕೊಂಡದ್ದು. ಆರಾಮ ಮಾಡಿ ಮಾಡಿಯೇ ಆರಾಮ ತಪ್ಪಿತ್ತು. ಈ ಬೂದಿ ಬಣ್ಣದ ಜೋಡಿ ನನ್ನ ಕಾಲನ್ನು ಮುದ್ದು ಮಾಡಲಿಲ್ಲ, ನೀನು ನಿಲ್ಲು, ನಾನಿದ್ದೇನೆ ಎಂದಿತು. ಅದೂ ಒಂದು ಬಗೆಯ ಆರಾಮವೇ. ನಮ್ಮ ಅತ್ತೆಯ ಪ್ರೀತಿಯೂ ಯಾವಾಗಲೂ ಇದೇ ಜಾತಿಯದು.

ಮರುದಿನದಿಂದ ಅವರೇ ನನ್ನ ಗರಡಿಯ ಉಸ್ತಾದರಾದರು. ಎಣಿಕೆಯ ಗೊಡವೆ ಅವರಿಗಿಲ್ಲ. ಒಲೆಯ ಮೇಲೆ ಹಾಲಿಟ್ಟು, ಉಕ್ಕುವ ತನಕ ಕೂತೇಳು ಎನ್ನುವರು. ಗೌಳಿಗ ನೀರು ಹಾಕದೆ ಗಟ್ಟಿ ಹಾಲು ಕೊಟ್ಟ ದಿನ ಜಲ್ದಿ ಬಿಡುಗಡೆಯೋ, ತಡವಾಗಿಯೋ ಎಂಬ ಲೆಕ್ಕ ನನಗೆ ಕೊನೆಗೂ ಹತ್ತಲಿಲ್ಲ. ಸುಮಾ ಇದ್ದ ದಿನಗಳಲ್ಲಿ ಬೇಕೆಂದೇ ಒಲೆ ಸಣ್ಣ ಮಾಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಒಂದು ಬೆಳಿಗ್ಗೆ ನಾನು ಕೋಣೆಗೆ ಹೋದರೆ ಬೂಟಿಲ್ಲ. ಅತ್ತೆಯೇ ಅವನ್ನು ಮೆಟ್ಟಿ, ಲಾಡಿಯನ್ನು ಹೂಮಾಲೆಯ ಗಂಟಿನಂತೆ ಕಟ್ಟಿಕೊಂಡು, ಕುರ್ಚಿಯಿಂದ ಏಳುತ್ತಾ ಕೂರುತ್ತಾ ಇದ್ದರು. ನನ್ನನ್ನು ಕಂಡು ಒಂದಿಷ್ಟೂ ಅಳುಕಲಿಲ್ಲ. ಬೆಚ್ಚಗ ಅದಾವು, ಎಂದು ಬಿಚ್ಚಿಕೊಟ್ಟರು.

ಕುರ್ಚಿಯಿಂದ ಅದಕ್ಕಿಂತ ತಗ್ಗಾದ ಸ್ಟೂಲಿಗೆ ಇಳಿದೆ. ಮಂಡಿ ಒಳಗೇ ಗೊಣಗುವುದು ಕಡಿಮೆಯಾಯಿತು. ಆದರೆ ಸುಮಾಳ ಕುಬಸದ ಹೊತ್ತಿಗೆ, ಅಂದರೆ ಹಸಿರು ಸೀರೆ, ಹೂವು, ಸಿಹಿ ತೆಗೆದುಕೊಂಡು ಬಸುರಿ ಮಗಳಿಗೆ ಉಡಿ ತುಂಬಲು ನಾವು ಯಲಬುರ್ಗಿಗೆ ಹೋದ ದಿನ, ನಾನಿನ್ನೂ ಸ್ಟೂಲಿನಲ್ಲೇ ಇದ್ದೆ, ನೆಲ ದೂರವಿತ್ತು. ಅಲ್ಲಿ ಜಮಖಾನೆಯ ಮೇಲೆ ಕೂತು ಉಡಿ ತುಂಬಿದೆ, ಹಾಡಿದೆ, ಏಳುವಾಗ ಕಿಟಕಿಯ ಸರಳಿಗೆ ಕೈ ಹಾಕಿದೆ. ಸುಮಾಳ ಅತ್ತೆ, ನಮ್ಮ ಬೀಗತಿ, ಅದನ್ನು ನೋಡಿದರು. ಒಳ್ಳೆಯ ಹೆಂಗಸು, ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದರು.

"ನಿಮಗ್ಯಾಕ ತ್ರಾಸು ಬೀಗತೇರ. ನಮ್ಮೂರಾಗ ಛಲೋ ಎರಿಯಾಕಿ ಒಬ್ಬಾಕಿ ಅದಾಳ, ಕಳಸ್ತೀನಿ. ಚೊಚ್ಚಲ ಕೂಸು, ಕಾಲು ನಡುಗಿತಂದ್ರ ಹೆಂಗ?"

ಅವರು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಉತ್ತರ ಕೊಟ್ಟವರು ನನ್ನ ಹಿಂದೆ ನಿಂತಿದ್ದ ನಮ್ಮ ಅತ್ತೆ.

"ಆಕಿ ಇನ್ನಾ ತಾಲೀಮಿನ್ಯಾಗ ಅದಾಳವ್ವಾ. ಕುಸ್ತಿ ಮುಂದೈತಿ. ನೀನ ಬಂದು ನೋಡು. ಕಾಲು ನಡುಗಿದ್ರ ಆವತ್ತ ನಿಮ್ಮಾಕಿನ್ನ ಕರಸು."

ಬೀಗತಿ ನಕ್ಕು ಒಪ್ಪಿದರು. ಮೊದಲ ಸಲ ಎರೆಯುವ ದಿನ ತಾವೇ ಬಂದು ನೀರು ಹಾಕುವುದೆಂದು ಮಾತಾಯಿತು. ಕುಸ್ತಿಗೆ ದಿನ ಗೊತ್ತಾಯಿತು. ಎದುರಾಳಿ ಬೀಗತಿಯಲ್ಲ, ನೆಲ.

ಮಾಗಿಯ ಚಳಿಯಲ್ಲಿ ಸ್ಟೂಲು ಹೋಗಿ ಗಿಡ್ಡ ಮಣೆ ಬಂತು. ಅದು ನಿಜವಾದ ಹೈರಾಣದ ಕಾಲ. ಸ್ಟೂಲಿಗೂ ಮಣೆಗೂ ನಡುವೆ ಇರುವುದು ಕಣ್ಣಿಗೆ ಒಂದು ಮೊಳ, ಮಂಡಿಗೆ ಒಂದು ಬೆಟ್ಟ. ಮೊದಲು ತೂಕದ ಕಲ್ಲನ್ನು ಗೋಡೆಗೆ ಇಟ್ಟು ಬರಿಗೈಯಲ್ಲಿ ಎದ್ದೆ, ಅದೂ ಅತ್ತೆಯ ಹೆಗಲು ಹಿಡಿದು. ಆಮೇಲೆ ಹೆಗಲು ಬಿಟ್ಟು ಅವರ ಒಂದು ಬೆರಳು ಹಿಡಿದು. ಬೆರಳಿನಿಂದ ಬಲ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಅದನ್ನು ಬಿಡಲು ಸ್ಟೂಲು ಬಿಟ್ಟದ್ದಕ್ಕಿಂತ ಹೆಚ್ಚು ದಿನ ಬೇಕಾಯಿತು. ಮೆಟ್ಟಿದ ಬೂಟು ಎಷ್ಟು ಒಳ್ಳೆಯದಾದರೂ ಅದು ಕಾಲನ್ನು ನಿಲ್ಲಿಸೀತೇ ಹೊರತು ಧೈರ್ಯವನ್ನಲ್ಲ. ಧೈರ್ಯದ ಅಳತೆಯ ಬೂಟು ಖಾದರಸಾಬರ ಅಟ್ಟದಲ್ಲೂ ಇರಲಿಲ್ಲ. ಒಂದು ದಿನ ನಾನು ಏಳುವಾಗ ಅತ್ತೆಯ ಬೆರಳಿಗೆ ಕೈ ಚಾಚಿದರೆ ಅದು ಅಲ್ಲಿರಲಿಲ್ಲ. ಅವರು ಹಾಲು ಉಕ್ಕಿತೆಂದು ಒಲೆಯ ಹತ್ತಿರ ಹೋಗಿದ್ದರು. ನಾನು ಆಗಲೇ ಎದ್ದು ನಿಂತಿದ್ದೆ. ಹಾಲು ಉಕ್ಕಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಸುಮಾ ಹೆತ್ತಳು. ಹೆಣ್ಣು ಕೂಸು, ಅಜ್ಜನ ಮೂಗು, ನಮ್ಮ ಅತ್ತೆಯ ಸುಮ್ಮನಿರುವ ಗುಣ. ಹೊಕ್ಕುಳು ಬಿದ್ದ ಮೇಲೆ ಎರೆಯುವುದೆಂದು ಇಟ್ಟ ದಿನದ ಬೆಳಿಗ್ಗೆ ಮೊದಲ ಬಸ್ಸಿಗೇ ಬೀಗತಿ ಯಲಬುರ್ಗಿಯಿಂದ ಬಂದರು. ನಾನು ಕಾಲು ತೊಳೆದು ಬರಿಗಾಲಲ್ಲಿ ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತು ಕಾಲು ಚಾಚಿದೆ. ಅತ್ತೆ ಎಣ್ಣೆ ತೀಡಿದ ಕೂಸನ್ನು ತಂದು ಮಲಗಿಸಿದರು. ಅದರ ತಲೆ ನನ್ನ ಪಾದಗಳ ನಡುವೆ ಕೂತಿತು. ಮೊದಲ ನೀರಿಗೆ ಚೀರಿ, ಎರಡನೆಯದಕ್ಕೆ ಕಣ್ಣು ಬಿಟ್ಟು, ಆಮೇಲೆ ನನ್ನ ಮೀನಖಂಡವನ್ನು ಒದೆಯುತ್ತ ಬಾಯಿ ಚಪ್ಪರಿಸಿತು. ಬೀಗತಿ ನೀರು ಹಾಕುತ್ತಿದ್ದರೂ ಅವರ ಕಣ್ಣು ನನ್ನ ಕಾಲಿನ ಮೇಲೇ ಇತ್ತು. ಕಾಲು ನಡುಗಲಿಲ್ಲ.

ಮೈ ಒರೆಸಿ, ಅರಿವೆಯಲ್ಲಿ ಸುತ್ತಿ, ಕೂಸನ್ನು ಬೀಗತಿಯ ಕೈಗೆ ಕೊಟ್ಟೆ. ಅವರು ಅದನ್ನು ಎದೆಗೆ ಆನಿಸಿಕೊಂಡು, ನನ್ನನ್ನು ಎಬ್ಬಿಸಲೆಂದು ಇನ್ನೊಂದು ಕೈಯನ್ನು ಕೆಳಕ್ಕೆ ಚಾಚಿದರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಚಾಚಿದ ಕೈ ಬರಿದೇ ಹೋಗಬಾರದೆಂದು ಅದಕ್ಕೆ ಒದ್ದೆ ಟವೆಲ್ಲು ಕೊಟ್ಟು, ಬಚ್ಚಲು ಜಾರುತ್ತದೆ, ನೋಡಿಕೊಂಡು ನಡೆಯಿರಿ ಎಂದೆ.